ಹೊಸಬರು ಎರಡೇ ಸಾಲಿಗೆ ಬಿಡುತ್ತಾರಾ?

ಕೋಲಾರದ ಬಗ್ಗೆ ನೀವು ಬರೆದಿದ್ದನ್ನು ನೆಂಟರು ಓದುತ್ತಾರೆ, ಹೊಸಬರು ಎರಡು ಸಾಲಿಗೇ ಬಿಡುತ್ತಾರೆ ಅಂದಿದ್ದೀರಿ. ಬಹುಶಃ ಊರು ಗೊತ್ತಿರುವವರಿಗೆ ಹೇಳುವ ಹಾಗೆ ಶುರು ಮಾಡುತ್ತಿದ್ದೀರಿ. ನಾನೂ ಹಾಗೇ ಮಾಡುತ್ತಿದ್ದೆ.

ಮೊದಲು ‘ತುಂಬಾ ದಿನ ಆಯ್ತು ಬರೆದು’ ಅನ್ನೋ ಸಾಲು ಹೊಡೆದುಹಾಕಿ. ‘ಅಂತರಗಂಗೆಗೆ ಹೋಗಿದ್ವಿ’ ಅಂದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ‘ಬೆಟ್ಟದ ಮೇಲೆ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತೆ, ಬೊಗಸೆ ಒಡ್ಡಿದೆ’ ಅನ್ನಿ, ಕಾಣುತ್ತೆ ಅಲ್ವಾ? ಆಮೇಲೆ ಹೆಸರುಗಳು. ಕೆಜಿಎಫ್ ಬಂದ ಕಡೆ ‘2001ರಲ್ಲಿ ಮುಚ್ಚಿದ ಚಿನ್ನದ ಗಣಿ’ ಅಂತ ಅರ್ಧ ಸಾಲು ಸೇರಿಸಿ. ಕೊನೆಗೆ ‘ಅಭಿಪ್ರಾಯ ತಿಳಿಸಿ’ ಬೇಡ, ಯಾರೂ ತಿಳಿಸುವುದಿಲ್ಲ. ‘ನಿಮ್ಮನೇಲಿ ಮುದ್ದೆಗೆ ಬಸ್ಸಾರಾ, ಉಪ್ಸಾರಾ?’ ಅಂತ ಕೇಳಿ. ಇದಕ್ಕೆ ಸುಮ್ನಿರುವವರು ಕಡಿಮೆ.

ಉದ್ದ ಎಷ್ಟಿರಬೇಕು ಅನ್ನುವುದು ನನಗೂ ಖಚಿತವಿಲ್ಲ. ಊರು ನೋಡದ ಒಬ್ಬರಿಗೆ ಓದಲು ಕೊಡಿ. ಎಲ್ಲಿ ಆಕಳಿಸಿದರೋ ಅಲ್ಲಿ ಕತ್ತರಿ ಹಾಕಿ.