ಕೆಂಪು ರಾಜ್ಯ, ನೀಲಿ ರಾಜ್ಯ

ಪ್ರಶ್ನೆ: ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ಮಗಳು ಫೋನ್ ಮಾಡಿದಾಗಲೆಲ್ಲ, 'ಅಮ್ಮಾ, ನಮ್ಮ ಟೆಕ್ಸಸ್ ಕೆಂಪು ರಾಜ್ಯ, ಕ್ಯಾಲಿಫೋರ್ನಿಯಾ ನೀಲಿ' ಅನ್ನುತ್ತಾಳೆ. ಪಕ್ಷಗಳಿಗೆ ಹೀಗೆ ಬಣ್ಣ ಹಚ್ಚಿದ್ದರಿಂದಲೇ ಆ ದೇಶ ಇಬ್ಭಾಗವಾಗುತ್ತಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಲ್ಲಿನ ಜಗಳಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ ತಾಯಿ. ಆದರೆ ಬಣ್ಣ ಅದನ್ನು ಹೆಚ್ಚಿಸಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದ ದಿನಗಳಲ್ಲಿ ರಿಪಬ್ಲಿಕನ್ ಪಕ್ಷ ಗೆದ್ದ ರಾಜ್ಯಕ್ಕೆ ಕೆಂಪು, ಡೆಮಾಕ್ರಾಟಿಕ್ ಪಕ್ಷ ಗೆದ್ದ ರಾಜ್ಯಕ್ಕೆ ನೀಲಿ ಬಳಿದ ಆ ಚುನಾವಣಾ ನಕಾಶೆಯನ್ನು ಗೋಡೆಗೆ ಹಾಕಿದರೆ ಸಾಕು, 'ಟೆಕ್ಸಸ್‌ನಲ್ಲಿ ಡೆಮಾಕ್ರಾಟರೇ ಇಲ್ವಾ ಸಾರ್?' ಎಂದು ಮಕ್ಕಳು ಕೇಳುತ್ತಿದ್ದರು. ಕೇಡು ಇರುವುದು ಅಲ್ಲೇ.

ಈ ಬಣ್ಣಗಳು ಹಳೆಯವೂ ಅಲ್ಲ. 1976ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎನ್‌ಬಿಸಿ ಟಿವಿ ವಾಹಿನಿಯ ನಕಾಶೆಯಲ್ಲಿ ಡೆಮಾಕ್ರಾಟ್ ಕಾರ್ಟರ್ ಗೆದ್ದ ರಾಜ್ಯಗಳಿಗೇ ಕೆಂಪು ದೀಪ, ರಿಪಬ್ಲಿಕನ್ ಫೋರ್ಡ್‌ಗೆ ನೀಲಿ. 2000ದಲ್ಲಿ ರಿಪಬ್ಲಿಕನ್ ಬುಷ್, ಡೆಮಾಕ್ರಾಟ್ ಗೋರ್ ನಡುವಿನ ಚುನಾವಣೆಯ ಫಲಿತಾಂಶ ಫ್ಲಾರಿಡಾದಲ್ಲಿ ಸಿಕ್ಕಿಕೊಂಡು ತಿಂಗಳು ದಾಟಿತು. ಅಷ್ಟೂ ದಿನ ಟಿವಿ, ಪತ್ರಿಕೆಗಳಲ್ಲಿ ಅದೇ ನಕಾಶೆ. ರಿಪಬ್ಲಿಕನ್ನರಿಗೆ ಕೆಂಪು, ಡೆಮಾಕ್ರಾಟರಿಗೆ ನೀಲಿ ಎಂಬುದು ಗಟ್ಟಿಯಾದದ್ದು ಆಗ. ಕೊನೆಗೆ ಫ್ಲಾರಿಡಾದಲ್ಲಿ ಬುಷ್‌ಗೆ ಸಿಕ್ಕ ಮುನ್ನಡೆ 537 ಮತ. ಇಡೀ ರಾಜ್ಯ ಕೆಂಪಾಯಿತು!

48 ರಾಜ್ಯಗಳಲ್ಲಿ, ಒಂದೇ ಮತ ಹೆಚ್ಚು ಬಂದರೂ ಗೆದ್ದವರಿಗೇ ಆ ರಾಜ್ಯದ ಎಲ್ಲ ಎಲೆಕ್ಟರುಗಳು, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು. ಲೆಕ್ಕ ಹಾಗಿದೆ, ಬಣ್ಣವೂ ಹಾಗೇ. ಸೋತವರ ಮತ ಕಣ್ಣಿಗೇ ಬೀಳುವುದಿಲ್ಲ. 2020ರಲ್ಲಿ ರಿಪಬ್ಲಿಕನ್ ಟ್ರಂಪ್‌ಗೆ 'ನೀಲಿ' ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 60 ಲಕ್ಷಕ್ಕೂ ಹೆಚ್ಚು ಮತ. ಅವರು ಗೆದ್ದ ಟೆಕ್ಸಸ್‌ನಲ್ಲಿ ಸುಮಾರು 59 ಲಕ್ಷ. ಅದೇ ಟೆಕ್ಸಸ್‌ನಲ್ಲಿ ಡೆಮಾಕ್ರಾಟ್ ಬೈಡನ್‌ಗೆ 52 ಲಕ್ಷ ದಾಟಿತ್ತು. ಅಷ್ಟು ಜನರನ್ನು ಒಂದು ಬಣ್ಣ ಬಳಿದು ಅಳಿಸಿಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಪಕ್ಕದ ಮನೆಯವನು ಬೇರೆ ಪಕ್ಷದವನಿರಬಹುದು ಎಂಬ ಅರಿವೇ ಹೋದರೆ ಅವನೊಡನೆ ಮಾತಾಡುವ ಅಭ್ಯಾಸವೂ ಹೋಗುತ್ತದೆ.

ಇದು ನನ್ನೊಬ್ಬನ ಊಹೆಯಲ್ಲ. 2009ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ಅಧ್ಯಯನವೊಂದರಲ್ಲಿ ಕೆಲವರಿಗೆ ಎರಡೇ ಬಣ್ಣದ ನಕಾಶೆ, ಉಳಿದವರಿಗೆ ಮತಪ್ರಮಾಣಕ್ಕೆ ತಕ್ಕಂತೆ ಬಣ್ಣ ಬೆರೆಸಿದ ನಕಾಶೆ ತೋರಿಸಿದರು. ದೇಶ ಹೆಚ್ಚು ಒಡೆದಿದೆ ಎಂದವರು ಮೊದಲಿನವರೇ. ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ರಾಬರ್ಟ್ ವಾಂಡರ್‌ಬೈ ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಕೆಂಪು–ನೀಲಿ ಬೆರೆಸಿ ಮಾಡಿದ ನಕಾಶೆಯಲ್ಲಿ ಬಹುಪಾಲು ನೇರಳೆಯೇ ಕಾಣುತ್ತದೆ. ಮಗಳಿಗೆ ಅದನ್ನು ನೋಡಲು ಹೇಳಿ. ಅವಳು ಇರುವುದು ಡಲ್ಲಾಸ್ ಕೌಂಟಿಯೊಳಗೇ ಆಗಿದ್ದರೆ ಇನ್ನೊಂದು ಮಾತು: 2008ರಿಂದ 2024ರವರೆಗಿನ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಅಲ್ಲಿ ಹೆಚ್ಚು ಮತ ಪಡೆದದ್ದು ಡೆಮಾಕ್ರಾಟರು.