ಧ್ವನಿ ಚೆನ್ನಾಗಿದ್ದರೂ ಸಭಿಕರು ನನ್ನ ಭಾಷಣವನ್ನು ಏಕೆ ಕೇಳುವುದಿಲ್ಲ?

ಕಂಠ ಚೆನ್ನಾಗಿದೆ, ಭಾಷಣವೂ ಬಾಯಿಪಾಠವಾಗಿದೆ, ಆದರೂ ಸಭಿಕರು ಬೇಗನೆ ಮೊಬೈಲ್ ನೋಡತೊಡಗುತ್ತಾರೆ, ಹಾವಭಾವ ಸುಧಾರಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಹಾವಭಾವದ ಚಿಂತೆ ಬಿಡಿ. ನಿಮ್ಮನ್ನು ಕಾಡುತ್ತಿರುವುದು ಆ ಬಾಯಿಪಾಠವೇ. ನನ್ನನ್ನೂ ಕೆಡಿಸಿದ್ದು ಅದೇ.

ತರಬೇತುದಾರನ ಹುದ್ದೆಯ ಆಯ್ಕೆಗಾಗಿ ನಾನು ಹೊಸ ನೌಕರರ ಮುಂದೆ ಸುರಕ್ಷತೆಯ ಬಗ್ಗೆ ಮಾತನಾಡಬೇಕಾಗಿತ್ತು. ಎಲ್ಲಿ ದನಿ ಏರಿಸಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದಕ್ಕೂ ಗುರುತು ಹಾಕಿಕೊಂಡು ಪ್ರತಿಯೊಂದು ವಾಕ್ಯವನ್ನೂ ಉರುಹೊಡೆದಿದ್ದೆ. ನನಗಿಂತ ಮೊದಲು ಮಾತನಾಡಿದವರು ನನ್ನ ಪೀಠಿಕೆಯಲ್ಲಿದ್ದುದನ್ನೆಲ್ಲ ಹೇಳಿಬಿಟ್ಟರು. ಅದನ್ನು ಕಿವಿಯಾರೆ ಕೇಳಿಯೂ, ಮೊದಲ ವಾಕ್ಯವನ್ನು ಬಿಟ್ಟರೆ ಮುಂದಿನದು ನೆನಪಿಗೆ ಬಾರದೆಂಬ ಭಯದಿಂದ, ನಾನು ಅದನ್ನೇ ಮತ್ತೊಮ್ಮೆ ಒಪ್ಪಿಸಿದೆ. ಎರಡನೆಯ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದ ಒಬ್ಬರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಅದು ನನಗೆ ಕಾಣಿಸಿತು. ‘ಇದನ್ನು ನೀವು ಆಗಲೇ ಕೇಳಿದ್ದೀರಿ, ಮುಂದಕ್ಕೆ ಹೋಗೋಣ’ ಎಂದಿದ್ದರೆ ಸಾಕಾಗುತ್ತಿತ್ತು. ಹಾಗೆ ಹೇಳಬೇಕಾದರೆ ವಿಷಯ ಗೊತ್ತಿರಬೇಕು. ನನಗೆ ಗೊತ್ತಿದ್ದದ್ದು ವಾಕ್ಯಗಳ ಕ್ರಮ ಮಾತ್ರ. ಕಣ್ಣು ಸಭೆಯ ಮೇಲಿದ್ದರೂ ಮನಸ್ಸು ಮುಂದಿನ ಸಾಲನ್ನು ತಡಕಾಡುತ್ತಿತ್ತು. ಆ ಹುದ್ದೆ ಬೇರೆಯವರ ಪಾಲಾಯಿತು.

ಹಾಗೆಂದು ಸಿದ್ಧತೆಯಿಲ್ಲದೆ ಹೋಗಿ ನಿಲ್ಲಬೇಡಿ. ಅಮೆರಿಕದಲ್ಲಿ ಕರಿಯರ ಸಮಾನ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಸುಮಾರು 2.5 ಲಕ್ಷ ಜನರೆದುರು ಮಾತನಾಡುತ್ತ, ಕೊನೆಯ ಭಾಗದಲ್ಲಿ ಬರೆದು ತಂದಿದ್ದನ್ನು ಬದಿಗಿಟ್ಟು ಸಮಾನತೆಯ ತಮ್ಮ ಕನಸನ್ನು ಬಣ್ಣಿಸಿದರು. ಅದು ಆ ಕ್ಷಣದ ಸ್ಫೂರ್ತಿ ಮಾತ್ರ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿಯೂ ಅವರು ಆ ಕನಸಿನ ಮಾತನ್ನು ಆಡಿದ್ದರು. ವಿಷಯ ಅಷ್ಟು ಕೈವಶವಾಗಿದ್ದರಿಂದಲೇ ಹಾಳೆಯನ್ನು ಬಿಟ್ಟು ಜನರನ್ನು ನೋಡುತ್ತ ಮಾತನಾಡಲು ಅವರಿಗೆ ಸಾಧ್ಯವಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀವು ಮುಖ್ಯ ಅಂಶಗಳನ್ನಷ್ಟೇ ಬರೆದುಕೊಳ್ಳಿ. ಅವುಗಳನ್ನು ಬೇರೆ ಬೇರೆಯವರಿಗೆ, ಪ್ರತಿ ಸಲವೂ ಬೇರೆ ಮಾತುಗಳಲ್ಲಿ ವಿವರಿಸಿ ನೋಡಿ. ತಡವರಿಸಿದ ಕಡೆ ವಿಷಯ ನಿಮಗೇ ಸ್ಪಷ್ಟವಾಗಿಲ್ಲ ಎಂದು ತಿಳಿಯಿರಿ. ಯಾರು ಬರುತ್ತಾರೆ, ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂದು ಸಂಘಟಕರನ್ನು ವಿಚಾರಿಸಿ, ನಿಮಗಿಂತ ಮೊದಲು ಮಾತನಾಡುವವರ ಭಾಷಣವನ್ನು ಪೂರ್ತಿಯಾಗಿ ಕೇಳಿ. ನಿಮಗೆ ಕೊಟ್ಟ ಸಮಯ ಅರ್ಧಕ್ಕಿಳಿದರೆ ಯಾವ ಅಂಶವನ್ನು ಕೈಬಿಡಬೇಕೆಂಬುದನ್ನು ಮನೆಯಿಂದ ಹೊರಡುವ ಮೊದಲೇ ನಿರ್ಧರಿಸಿಕೊಂಡಿರಿ.