ಪಕ್ಕದ ಮನೆಯಲ್ಲಿ ಪಾರ್ಸೆಲ್ ಇದೆ, ರಾತ್ರಿ ಬೆಲ್ ಮಾಡಲಾ ಬೇಡವಾ?

ಪ್ರಶ್ನೆ: ನಾನು, ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ನಾನು ಮನೆ ಸೇರುವಾಗ ಸಾಮಾನ್ಯವಾಗಿ ರಾತ್ರಿ ಒಂಬತ್ತಾಗಿರುತ್ತದೆ. ಅವರು ಇನ್ನೂ ತಡ. ಹಗಲು ಬರುವ ಪಾರ್ಸೆಲ್‌ಗಳನ್ನು ಡೆಲಿವರಿ ಹುಡುಗರು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ಅಲ್ಲಿರುವವರು ನಿವೃತ್ತ ದಂಪತಿ. ಮೊದಮೊದಲು ಆಂಟಿ ನಗುನಗುತ್ತಾ ಕೊಡುತ್ತಿದ್ದರು, ಒಳಗೆ ಕರೆದು ಕೂರಿಸಿ ಮಾತಾಡಿಸುತ್ತಿದ್ದರು. ಈಗೀಗ ನಾನು ಹೋಗುವಾಗ ಒಮ್ಮೊಮ್ಮೆ ಅವರ ಮನೆಯ ದೀಪ ಆರಿರುತ್ತದೆ. ಬೆಲ್ ಮಾಡಲೋ ಬೇಡವೋ ತಿಳಿಯದೆ ಬಾಗಿಲ ತನಕ ಹೋಗಿ ವಾಪಸ್ ಬಂದದ್ದೂ ಉಂಟು. ಬೆಳಿಗ್ಗೆ ನನಗೆ ಹೊರಡುವ ಗಡಿಬಿಡಿ. ಹೀಗಾಗಿ ಕಳೆದ ವಾರ ಒಂದು ದೊಡ್ಡ ಪೆಟ್ಟಿಗೆ ಮೂರು ದಿನ ಅಲ್ಲೇ ಉಳಿಯಿತು. ತರಲು ಹೋದಾಗ ಅಂಕಲ್, "ಏನಮ್ಮಾ, ಮರೆತೇಬಿಟ್ಯೇನೋ ಅಂದ್ಕೊಂಡೆ" ಎಂದರು. ಆಂಟಿ ಹೊರಗೆ ಬರಲೇ ಇಲ್ಲ. "ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ, ಏನಾದ್ರೂ ಗಿಫ್ಟ್ ಕೊಟ್ಟುಬಿಡು, ಸರಿಹೋಗುತ್ತೆ" ಎನ್ನುತ್ತಾರೆ ಗಂಡ. ನನಗೆ ಅದು ಸರಿ ಕಾಣುತ್ತಿಲ್ಲ. ಹೋದರೆ ಅವರ ನಿದ್ದೆ ಕೆಡಿಸಿದಂತೆ, ಹೋಗದಿದ್ದರೆ ಉಡಾಫೆ ಮಾಡಿದಂತೆ. ಜೊತೆಗೆ, ಸುಸ್ತಾಗಿ ಬಂದಾಗ ಅರ್ಧ ಗಂಟೆ ಕೂತು ಮಾತಾಡುವ ಶಕ್ತಿಯೂ ಇರುವುದಿಲ್ಲ. ಪಾರ್ಸೆಲ್ ತಗೊಂಡು ತಕ್ಷಣ ಹೊರಟರೆ ತಪ್ಪು ತಿಳಿಯುತ್ತಾರಾ? ಏನು ಮಾಡಲಿ?
ಹೆಸರು ಬೇಡ

ಉತ್ತರ: ಎಷ್ಟು ಹೊತ್ತಿಗೆ ಬೆಲ್ ಮಾಡಬೇಕು ಎಂಬುದು ನಿಮ್ಮ ಚಿಂತೆ. ಪತ್ರ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಆ ಮೂರು ದಿನ. ಅಂಕಲ್‌ಗೆ ಬೇಜಾರಾಗಿದ್ದರೆ ಅಲ್ಲೇ ಆಗಿರಬೇಕು. ತಡವಾಯಿತು ಅಂತಲ್ಲ, ತಡವಾಗುತ್ತೆ ಅಂತ ಯಾರೂ ಒಂದು ಮಾತು ಹೇಳಲಿಲ್ಲವಲ್ಲ ಅಂತ.

ಅವರ ಕಡೆಯಿಂದ ಒಮ್ಮೆ ಯೋಚಿಸಿ. ಮಧ್ಯಾಹ್ನ ಊಟ ಮುಗಿಸಿ ಆಗ ತಾನೇ ಅಡ್ಡಾಗಿರುತ್ತಾರೆ. ಬೆಲ್ ಆಗುತ್ತದೆ. ಎದ್ದು, ಕನ್ನಡಕ ಹುಡುಕಿ, ಚಿಲಕ ತೆಗೆದರೆ ಡೆಲಿವರಿ ಹುಡುಗ. ಅವನಿಗೆ ಇನ್ನೂ ಎಷ್ಟೋ ಮನೆಗಳಿವೆ, ಅವಸರ. "ಪಕ್ಕದ ಮನೆಯವರದ್ದು, ತಗೊಳ್ಳಿ" ಎನ್ನುತ್ತಾನೆ. ಹೆಸರು ಕೇಳುತ್ತಾನೆ, ಸಹಿ ಹಾಕಿಸಿಕೊಳ್ಳುತ್ತಾನೆ, ಒಮ್ಮೊಮ್ಮೆ ಪೆಟ್ಟಿಗೆಯದ್ದೊಂದು ಫೋಟೋ ತೆಗೆದುಕೊಳ್ಳುತ್ತಾನೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. ನಿಮ್ಮ ಫೋನಿಗೂ 'ಡೆಲಿವರ್ಡ್' ಅಂತ ಬಂತು. ಅವರ ಕೆಲಸ ಶುರುವಾಗುವುದು ಆಗ. ಒಳಗೇನಿದೆ ಗೊತ್ತಿಲ್ಲ. ಒಡೆಯುವಂಥದ್ದೋ, ಕೆಡುವಂಥದ್ದೋ, ದುಬಾರಿಯದ್ದೋ. ಬಾಗಿಲ ಹಿಂದೆ ಇಟ್ಟರೆ ಕಾಲಿಗೆ ತೊಡರುತ್ತದೆ, ಮೇಜಿನ ಮೇಲಿಡೋಣ ಎಂದರೆ ಜಾಗ ಸಾಲದು. ಸಂಜೆ ಸುತ್ತಾಡಲು ಹೊರಟಾಗ "ನಾವಿಲ್ಲದಾಗ ಆ ಹುಡುಗಿ ಬಂದ್ರೆ?" ಎಂಬ ಯೋಚನೆ. ರಾತ್ರಿ "ಇನ್ನೊಂದು ಹತ್ತು ನಿಮಿಷ ನೋಡೋಣ" ಎಂದು ಟಿವಿ ಮುಂದೆ ತೂಕಡಿಸುತ್ತಾ ಕೂರುವುದು. ಒಂದು ದಿನವಾದರೆ ಸರಿ. ಮೂರು ದಿನ ಹೀಗೇ ಆದರೆ ಎಂಥ ಒಳ್ಳೆಯವರಿಗೂ ಮುಖ ಸ್ವಲ್ಪ ಸಣ್ಣಗಾಗುತ್ತದೆ.

ಇನ್ನೊಂದು ವಿಷಯ. ಡೆಲಿವರಿ ಹುಡುಗರು ಕೊಟ್ಟು ಹೋಗುತ್ತಾರೆ ಅಂತ ಬರೆದಿದ್ದೀರಿ. ಹೀಗೆ ಕೊಟ್ಟು ಹೋದರೆ ಪರವಾಗಿಲ್ಲವಾ ಎಂದು ಆ ದಂಪತಿಯನ್ನು ಯಾರಾದರೂ ಕೇಳಿದ್ದರಾ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಹಾಗಿದ್ದರೆ ಅವರು ಈ ಕೆಲಸವನ್ನು ಒಪ್ಪಿಕೊಂಡದ್ದಲ್ಲ, ಅದು ಅವರ ಮೇಲೆ ಬಂದು ಬಿದ್ದದ್ದು.

ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ದೀಪ ಆರಿದೆ ಎಂದು ಬಾಗಿಲಿಂದಲೇ ಹಿಂದೆ ಬಂದಿರಲ್ಲ, ಅದು ಒಳ್ಳೆಯ ಮನಸ್ಸು ಇರುವವರು ಮಾಡುವ ಕೆಲಸ. ಆದರೆ ನೀವು ಬಂದು ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ.

ಹಾಗಾಗಿ ಇನ್ನು ಮುಂದೆ ಡೆಲಿವರಿ ಆಯಿತು ಎಂದು ಫೋನಿಗೆ ಬಂದ ಕೂಡಲೇ, ಕೆಲಸದ ನಡುವೆಯೇ ಆಂಟಿಗೆ ಒಂದು ಮೆಸೇಜ್ ಹಾಕಿ. ಮೆಸೇಜ್ ನೋಡುವ ಅಭ್ಯಾಸ ಅವರಿಗಿಲ್ಲದಿದ್ದರೆ ಸಂಜೆ ಐದರ ಮೇಲೆ ಒಂದು ಫೋನ್ ಮಾಡಿ. ಬರೀ "ಥ್ಯಾಂಕ್ಸ್ ಆಂಟಿ" ಸಾಲದು. "ಆಮೇಲೆ ಬರ್ತೀನಿ" ಅಂತೂ ಬೇಡವೇ ಬೇಡ, ಆ ಮಾತೇ ಅವರನ್ನು ಕಾಯಿಸುವುದು. ಹೀಗೆ ಹೇಳಿ ನೋಡಿ: "ಆಂಟಿ, ನನ್ನ ಪಾರ್ಸೆಲ್ ನೀವು ತಗೊಂಡ್ರಂತೆ, ತುಂಬಾ ಉಪಕಾರ ಆಯ್ತು. ಒಳಗಿರೋದು ಬಟ್ಟೆ, ಎಲ್ಲಿಟ್ಟರೂ ಪರವಾಗಿಲ್ಲ. ಎಂಟೂವರೆ ಒಳಗೆ ಬಂದ್ರೆ ಇವತ್ತೇ ತಗೋತೀನಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಏಳಕ್ಕೆ. ನನಗೋಸ್ಕರ ಎದ್ದಿರಬೇಡಿ." ಈ ಕೊನೆಯ ಮಾತನ್ನು ಮಾತ್ರ ಬಿಡಬೇಡಿ. ಅದು ಕಿವಿಗೆ ಬಿದ್ದರೆ ಅವರು ನಿಶ್ಚಿಂತೆಯಿಂದ ದೀಪ ಆರಿಸಿ ಮಲಗುತ್ತಾರೆ. ಒಳಗಿರುವುದು ಏನು ಎಂದು ಹೇಳುವುದರಿಂದಲೂ ಅವರ ಅರ್ಧ ಆತಂಕ ಕಡಿಮೆಯಾಗುತ್ತದೆ. ಏನೆಂದು ಹೇಳಲು ಇಷ್ಟವಿಲ್ಲದಿದ್ದರೆ "ಒಡೆಯೋದಲ್ಲ, ಕೆಡೋದಲ್ಲ" ಎಂದರೆ ಸಾಕು.

ರಾತ್ರಿ ಎಷ್ಟು ಹೊತ್ತಿನವರೆಗೆ ಬೆಲ್ ಮಾಡಬಹುದು? ಎಲ್ಲ ಮನೆಗೂ ಸಲ್ಲುವ ಒಂದು ಗಂಟೆ ಅಂತ ಇಲ್ಲ. ಹಸುಗೂಸು ಇರುವ ಮನೆಯಲ್ಲಿ ಏಳೂವರೆಯೇ ತಡ. ಕಾಲೇಜು ಹುಡುಗರಿರುವ ಮನೆಯಲ್ಲಿ ಹತ್ತೂವರೆಯೂ ಇನ್ನೂ ಸಂಜೆ. ಮನೆಯವರ ದಿನಚರಿ ಗೊತ್ತಿಲ್ಲ ಎಂದಾದರೆ ಎಂಟೂವರೆ ದಾಟಿದ ಮೇಲೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇನ್ನು ವಯಸ್ಸಾದವರ ಮನೆಯ ದೀಪ ಆರಿದೆ ಎಂದರೆ ಮುಗಿಯಿತು. ಬೆಲ್ ಬೇಡ, ಮೆಲ್ಲಗೆ ಬಾಗಿಲು ತಟ್ಟುವುದೂ ಬೇಡ, "ಎದ್ದಿದ್ದೀರಾ?" ಅಂತ ಫೋನೂ ಬೇಡ. ಹೊತ್ತಲ್ಲದ ಹೊತ್ತಿನಲ್ಲಿ ಬೆಲ್ ಆದರೆ ಅವರಿಗೆ ನಿಮ್ಮ ಪಾರ್ಸೆಲ್ ನೆನಪಾಗುವುದಿಲ್ಲ. ದೂರದಲ್ಲಿರುವ ತಮ್ಮವರಿಗೆ ಯಾರಿಗೆ ಏನಾಯಿತೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಆ ಗಾಬರಿಯಲ್ಲಿ, ಕತ್ತಲಲ್ಲಿ, ಚಪ್ಪಲಿ ಹುಡುಕುತ್ತಾ ಎದ್ದು ಬರುವಾಗ ಎಡವಿದರೆ? ನಾಳೆಯವರೆಗೆ ಕಾಯಲಾಗದ ಪಾರ್ಸೆಲ್ ಎಷ್ಟಿರುತ್ತವೆ ಹೇಳಿ. ಔಷಧಿಯಂಥ ತುರ್ತಿನ ವಸ್ತು ಬರುವುದಿದ್ದರೆ ಅದನ್ನು ಅವರ ಮನೆಗೆ ಹೋಗಲು ಬಿಡಬೇಡಿ, ನೀವು ಕೆಲಸ ಮಾಡುವ ಕಡೆಗೇ ತರಿಸಿಕೊಳ್ಳಿ.

ಇಷ್ಟೆಲ್ಲ ಮುಂದಿನ ಮಾತಾಯಿತು. ಅದಕ್ಕೆ ಮುಂಚೆ ಒಂದು ಭೇಟಿ ಬಾಕಿ ಇದೆ. ಈ ರಜೆಯ ದಿನ, ಬೆಳಗಿನ ಹೊತ್ತು, ತರಬೇಕಾದ ಪಾರ್ಸೆಲ್ ಯಾವುದೂ ಇಲ್ಲದಾಗ ಅವರ ಮನೆಗೆ ಹೋಗಿ. ಪಾರ್ಸೆಲ್ ತರಲು ಹೋದಾಗಲೇ ಈ ಮಾತೆತ್ತಿದರೆ ಮುಲಾಜಿಗೆ "ಅಯ್ಯೋ ಪರವಾಗಿಲ್ಲಮ್ಮ" ಅಂದುಬಿಡುತ್ತಾರೆ. ಸುಮ್ನೆ ಹೋಗಿ ಕೂತು ಮಾತಾಡಿ. "ಆವತ್ತು ಮೂರು ದಿನ ಬಿಟ್ಟುಬಿಟ್ಟೆ, ಒಂದು ಮಾತೂ ಹೇಳಲಿಲ್ಲ, ತಪ್ಪಾಯ್ತು" ಎಂದು ನೇರವಾಗಿ ಹೇಳಿ. ಕೆಲಸ ಜಾಸ್ತಿ, ಟ್ರಾಫಿಕ್, ಮೀಟಿಂಗ್ ಅಂತ ಕಾರಣಗಳ ಪಟ್ಟಿ ಬೇಡ. ಆಮೇಲೆ ಕೇಳಿ: "ನೀವು ಎಷ್ಟು ಹೊತ್ತಿಗೆ ಮಲಗ್ತೀರಿ? ಬೆಳಿಗ್ಗೆ ಏಳಕ್ಕೆ ಬಂದ್ರೆ ತೊಂದರೆ ಆಗುತ್ತಾ?" ನೀವು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿರುವಾಗ ಅವರು ಎದ್ದು ಎಷ್ಟೋ ಹೊತ್ತಾಗಿರಬಹುದು. ಹಾಗಿದ್ದರೆ ರಾತ್ರಿಯ ಗೊಡವೆಯೇ ಬೇಡ, ಬೆಳಗಿನ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಆ ದಿನ ಹೇಳಲೇಬೇಕಾದ ಇನ್ನೊಂದು ಮಾತಿದೆ. "ನಿಮಗೆ ಆಗದ ದಿನ ಪಾರ್ಸೆಲ್ ಬಂದ್ರೆ, ತಗೊಳ್ಳಲ್ಲ ಅಂತ ಹೇಳಿ ಕಳಿಸಿಬಿಡಿ. ನನಗೆ ಖಂಡಿತ ಬೇಜಾರಿಲ್ಲ." ಬೇಡ ಎನ್ನುವ ಸ್ವಾತಂತ್ರ್ಯ ಇದ್ದಾಗಲೇ ಜನ ಖುಷಿಯಿಂದ ಹೂಂ ಅನ್ನುವುದು. 2012ರಲ್ಲಿ ಬ್ರಿಟನ್ನಿನ ಅಂಚೆ ಸಂಸ್ಥೆ ರಾಯಲ್ ಮೇಲ್, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಾರ್ಸೆಲನ್ನು ನೆರೆಮನೆಗೆ ಕೊಡುವ ಪದ್ಧತಿಯನ್ನು ದೇಶವಿಡೀ ಜಾರಿಗೆ ತಂದಿತು. ಯಾವ ಮನೆಯಲ್ಲಿ ಕೊಟ್ಟಿದ್ದೇವೆ ಎಂದು ಅಂಚೆಯವರು ಚೀಟಿ ಬಿಟ್ಟು ಹೋಗಬೇಕು. ಬೇಡ ಎನ್ನುವವರು ಬಾಗಿಲ ಬಳಿ ಒಂದು ಸ್ಟಿಕ್ಕರ್ ಅಂಟಿಸಿದರೆ ಸಾಕು, ಬೇರೆಯವರ ಪಾರ್ಸೆಲ್ ಅವರ ಮನೆಗೆ ಬರುವುದಿಲ್ಲ. ಅಷ್ಟು ದೊಡ್ಡ ಸಂಸ್ಥೆಯೂ ನೆರೆಯವರ ಒಪ್ಪಿಗೆ ಇದ್ದೇ ಇರುತ್ತದೆ ಅಂದುಕೊಳ್ಳಲಿಲ್ಲ. ಗೋಡೆಯಾಚೆಗೇ ಇರುವ ನಾವು ಒಂದು ಮಾತು ಕೇಳಬೇಕಲ್ವಾ?

ಗಿಫ್ಟ್ ವಿಷಯದಲ್ಲಿ ನಿಮಗೆ ಅನ್ನಿಸಿದ್ದೇ ಸರಿ. ಬೇಜಾರಾಗಿರುವ ಹೊತ್ತಿನಲ್ಲಿ ವಸ್ತು ತೆಗೆದುಕೊಂಡು ಹೋದರೆ, ಮಾಡಿದ ಉಪಕಾರಕ್ಕೆ ಕೂಲಿ ಕೊಟ್ಟಂತೆ ಆಗುತ್ತದೆ. ಅವರು ಮುಜುಗರಪಡುತ್ತಾರೆ, ಅದಕ್ಕೆ ಸರಿಯಾಗಿ ತಾವೂ ಏನೋ ಕೊಡಬೇಕು ಅಂದುಕೊಳ್ಳುತ್ತಾರೆ. ಬದಲಿಗೆ ಅವರ ಕೆಲಸಕ್ಕೆ ನೀವು ಒದಗಿ. ಆನ್‌ಲೈನಿನಲ್ಲಿ ಕಟ್ಟಬೇಕಾದ ಬಿಲ್, ಬಲ್ಬ್ ಬದಲಾಯಿಸುವುದು, ಅವರು ಊರಿಗೆ ಹೋದಾಗ ಗಿಡಕ್ಕೆ ನೀರು. ಅವರಾಗಿ ಕೇಳಲು ಸಂಕೋಚಪಡುತ್ತಾರೆ, ನೀವೇ ವಿಚಾರಿಸಬೇಕು.

ನಿಮ್ಮ ಯಜಮಾನರಿಗೂ ಒಂದು ಮಾತು. ಪಾರ್ಸೆಲ್‌ಗಳಲ್ಲಿ ಅವರದ್ದೂ ಇರುತ್ತವೆ ತಾನೇ? ತರುವ ಸಂಕೋಚವೆಲ್ಲ ನಿಮ್ಮೊಬ್ಬರ ತಲೆ ಮೇಲೆ ಯಾಕೆ? ರಾತ್ರಿ ತಡವಾಗುತ್ತದೆ ಎಂದರೆ ಬೆಳಿಗ್ಗೆ ಅವರು ಹೋಗಿ ತರಲಿ, ಅಂಕಲ್ ಜೊತೆ ಎರಡು ಮಾತಾಡಲಿ. ತಲೆ ಕೆಡಿಸ್ಕೋಬೇಡ ಎನ್ನುವುದು ಸುಲಭ. ಆ ಬಾಗಿಲಲ್ಲಿ ನಿಂತವರಿಗೆ ಅದರ ಕಷ್ಟ ಗೊತ್ತು.

ಬಾಗಿಲಲ್ಲಿ ಹೇಗಿರಬೇಕು ಎಂದು ಕೇಳಿದ್ದೀರಿ. ಬೆಲ್ ಒಂದೇ ಸಲ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಕಿಂಡಿಯಿಂದ ನೋಡಿದರೆ ನಿಮ್ಮ ಮುಖ ಕಾಣುವಂತೆ ನಿಲ್ಲಿ. ಅವರು ನಿಧಾನಕ್ಕೆ ಬರಲಿ. ಕಿವಿಯಲ್ಲಿ ಫೋನ್ ಹಿಡಿದು, ಕೈಸನ್ನೆಯಲ್ಲೇ ಪಾರ್ಸೆಲ್ ಈಸಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ನೀವು ಹಾಗೆ ಮಾಡಬೇಡಿ. ಪೆಟ್ಟಿಗೆ ಭಾರವಿದ್ದರೆ ಅವರು ಎತ್ತಿ ತರುವವರೆಗೆ ಕಾಯದೆ "ಎಲ್ಲಿದೆ ಹೇಳಿ, ನಾನೇ ತಗೋತೀನಿ" ಎನ್ನಿ. ಅಲ್ಲೇ ಬಿಚ್ಚಿ ನೋಡಬೇಡಿ. ಮೂಲೆ ಜಜ್ಜಿದ್ದರೂ "ಬರುವಾಗಲೇ ಹೀಗಿತ್ತಾ?" ಎಂಬ ಪ್ರಶ್ನೆ ಬಾಯಿಂದ ಬರಬಾರದು. ನೀವು ಸಹಜವಾಗಿ ಕೇಳಿದರೂ ಅವರಿಗೆ ಅದು ಅನುಮಾನದ ಹಾಗೆ ಕೇಳಿಸುತ್ತದೆ. ಮನೆಗೆ ತಂದು, ಬಿಚ್ಚುವ ಮುಂಚೆ ಫೋಟೋ ತೆಗೆದು, ಮಾರಿದವರನ್ನು ಕೇಳಿ. ಮುಂದೆ ಎಂದಾದರೂ ಒಂದು ಪೆಟ್ಟಿಗೆ ಅವರ ಮನೆಯಲ್ಲಿ ಆಕಸ್ಮಾತ್ ಹಾಳಾದರೂ ಆ ನಷ್ಟ ನಿಮ್ಮದೇ. ತಮ್ಮ ವಸ್ತುವಿನ ಹಾಗೆ ಜೋಪಾನ ಮಾಡಿದವರ ಮೇಲೆ ಅದಕ್ಕಿಂತ ಹೆಚ್ಚಿನ ಹೊಣೆ ಹೊರಿಸುವುದು ನ್ಯಾಯವಲ್ಲ.

ಮಾತಿಗೆ ಕೂರುವ ವಿಷಯ. ತಕ್ಷಣ ಹೊರಟರೆ ಒರಟಲ್ಲ, ಹೇಳಿ ಹೊರಟರೆ ಸಾಕು. "ಆಂಟಿ, ಇವತ್ತು ತುಂಬಾ ಸುಸ್ತಾಗಿದೆ, ಭಾನುವಾರ ಬಂದು ಕೂತ್ಕೋತೀನಿ." ಇದರಲ್ಲಿ ಸುಳ್ಳೇನೂ ಇಲ್ಲ, ಭಾನುವಾರ ನೀವು ನಿಜವಾಗಿ ಹೋದರೆ. ಪ್ರತಿ ವಾರ ಬೇಕಿಲ್ಲ. ಆದರೆ ಪಾರ್ಸೆಲ್ ಇದ್ದಾಗ ಮಾತ್ರ ಅವರ ಬೆಲ್ ಮಾಡುತ್ತೀರಿ ಎಂದಾದರೆ, ನಿಮ್ಮ ನೆನಪಾದಾಗಲೆಲ್ಲ ಅವರ ಕಣ್ಣಿಗೆ ಪೆಟ್ಟಿಗೆಯೇ ಬರುತ್ತದೆ. ಮಾತಾಡಲು ಕರೆದವರು ಆಂಟಿ. ಹಗಲಿಡೀ ಇಬ್ಬರೇ ಇರುವ ಮನೆ. ನಿಮ್ಮ ಪಾರ್ಸೆಲ್‌ಗಿಂತ ನೀವು ಬರುವುದೇ ಅವರಿಗೆ ಇಷ್ಟವಾಗಿತ್ತೇನೋ.

ಕೆಲವನ್ನು ಅವರ ಮನೆಗೆ ಹೋಗಲು ಬಿಡಲೇಬೇಡಿ. ಡೆಲಿವರಿ ಆದಾಗ ದುಡ್ಡು ಕೊಡಬೇಕಾದದ್ದು ಬೇಡ, ಆಮೇಲೆ ಕೊಡುತ್ತೇನೆ ಎಂದರೂ ಬೇಡ. ಫ್ರಿಡ್ಜ್‌ನಲ್ಲಿ ಇಡಬೇಕಾದದ್ದು, ಒಬ್ಬರಿಂದ ಎತ್ತಲಾಗದ್ದು ಬೇಡ. ಒಟಿಪಿ ಕೇಳುವ ಪಾರ್ಸೆಲ್ ಇದ್ದರೆ ಆ ಹುಡುಗ ನೇರವಾಗಿ ನಿಮಗೇ ಫೋನ್ ಮಾಡಲಿ. ಅವರ ಫೋನಿಗೆ ಬಂದ ಯಾವ ಒಟಿಪಿಯನ್ನೂ ನಿಮ್ಮ ಪಾರ್ಸೆಲ್ ಹೆಸರಲ್ಲಿ ಯಾರಿಗೂ ಹೇಳಬಾರದು ಎಂದು ಇಬ್ಬರಿಗೂ ತಿಳಿಸಿಡಿ. ಪಾರ್ಸೆಲ್ ನೆಪದಲ್ಲಿ ಮೋಸ ಮಾಡುವವರು ಇದ್ದಾರೆ.

ತರಿಸುವುದನ್ನೂ ಸ್ವಲ್ಪ ನೋಡಿಕೊಳ್ಳಿ. ಬೇಕಾದದ್ದನ್ನು ಒಟ್ಟಿಗೆ ಆರ್ಡರ್ ಮಾಡಿದರೆ ಬರುವ ಸಲ ಕಡಿಮೆಯಾಗುತ್ತದೆ. ರಜೆಯ ದಿನಕ್ಕೆ ಡೆಲಿವರಿ ಕೇಳುವ ಅವಕಾಶ ಎಷ್ಟೋ ಕಡೆ ಇದೆ. ನೀವು ಊರಲ್ಲಿಲ್ಲದಾಗ ಏನೂ ತರಿಸಬೇಡಿ.

ಅವರು "ಇನ್ಮೇಲೆ ಬೇಡಮ್ಮ, ನಮ್ಮಿಂದ ಆಗಲ್ಲ" ಎಂದರೆ? ಕಾರಣ ಕೇಳಬೇಡಿ. "ಇಷ್ಟು ದಿನ ಮಾಡಿದ್ದೇ ದೊಡ್ಡದು ಆಂಟಿ" ಎಂದು ಹೇಳಿ, ಅವತ್ತೇ ಆ್ಯಪ್‌ನಲ್ಲಿ ವಿಳಾಸ ಬದಲಾಯಿಸಿ, 'ಪಕ್ಕದ ಮನೆಯಲ್ಲಿ ಕೊಡಬೇಡಿ, ಫೋನ್ ಮಾಡಿ' ಎಂದು ಬರೆದಿಡಿ. ಭಾನುವಾರ ಬರುತ್ತೇನೆ ಎಂದು ಹೇಳಿದ್ದರೆ ಅದನ್ನು ಮಾತ್ರ ತಪ್ಪಿಸಬೇಡಿ.